ತೊರವಿ: ವಿಜಾಪುರದ ನೀರಡಿಕಿ ತೀರಿಸಿದ ಊರು

ನಮ್ಮಣ್ಣ ತೊರವಿ ದಾರ್ಯಾಗ ಒಂದು ಪ್ಲಾಟ್ ತಗೊಂಡಾನ. ಮಾರಿದವರು "ಇಲ್ಲಿ ಎಲ್ಲಿ ಹೊಡದ್ರೂ ನೀರ್ರಿ" ಅಂದಿದ್ರು, ಅವರ ಮಾತು ನಂಬಿ ಹ್ವಾದ ಬ್ಯಾಸಗ್ಯಾಗ ಬೋರ್ ಗಾಡಿ ಕರಸಿದ್ವಿ. ಮುಂಜಾನೆ ಶುರು ಆಗಿದ್ದು ಊಟದ ಹೊತ್ತಿಗೆ ನಾನೂರು ಫೂಟ್ ದಾಟಿತ್ತು, ಬರೂದು ಮಾತ್ರ ಬರೇ ಬೂದಿ ಬಣ್ಣದ ಧೂಳು, ಮುಖಾ ಮಾರಿ ಎಲ್ಲಾ ಅದಾ. ಅಣ್ಣ ಒಂದು ಮಾತೂ ಆಡವಲ್ಲ, ಗಾಡಿಯವರು ಒಂದೊಂದು ರಾಡ್ ಜೋಡಿಸಿದಾಗೊಮ್ಮೆ ನನ್ನ ಕಡಿ ನೋಡೂದು, ಮತ್ತ ಮುಖಾ ತಿರಗಸೂದು. ಅಷ್ಟೊತ್ತಿಗೆ ಎಮ್ಮಿ ಹೊಡಕೊಂಡು ಹೊಂಟಿದ್ದ ಒಬ್ಬ ಅಜ್ಜ ನಿಂತಗೊಂಡು ಭಾಳ ಹೊತ್ತು ನೋಡಿದ, ಆಮ್ಯಾಲ ಅಂದ: "ತಮ್ಮಾ, ನೀವು ಕೆಳಗ ಕೆಳಗ ಹೊಂಟೀರಿ. ಹಿಂದಿನ ಮಂದಿ ಇಲ್ಲಿ ಅಡ್ಡ ಹ್ವಾದ್ರು. ಅವರಿಗೆ ನೀರು ಸಿಕ್ತು."

ಆ ಮಾತು ನನ್ನ ತಲಿಯೊಳಗಿಂದ ಹೋಗಲೇ ಇಲ್ಲ. ಹುಟ್ಟಿ ಬೆಳದಿದ್ದು ವಿಜಾಪುರದಾಗ (2014ರ ನವೆಂಬರ್ 1ಕ್ಕ ಸರಕಾರ ವಿಜಯಪುರ ಅಂತ ಮಾಡಿತು, ನಮ್ಮ ಬಾಯಾಗ ಇನ್ನೂ ವಿಜಾಪುರಾನ), ಬಂದ ಬೀಗರನ್ನೆಲ್ಲಾ ಗೋಲ್ ಗುಮ್ಮಟಕ್ಕ ಕರಕೊಂಡು ಹೋಗೂದು, ಮ್ಯಾಲ ಹತ್ತಿ ಕೂಗ್ಸೂದು, ಇಬ್ರಾಹಿಂ ರೋಜಾ, ಮಲಿಕ್-ಎ-ಮೈದಾನ ತೋಪು, ಕಡೀಕ ಒಂದು ಕಡಿ ಗಿರಮಿಟ್ ಮಿರ್ಚಿ ತಿನಿಸಿ ಮನಿಗೆ. ತೊರವಿ ಅಂದ್ರ ಅಥಣಿ ಬಸ್ಸಿನ ಕಿಡಕಿಯಾಗ ಬಂದು ಹೋಗೋ ಊರು ಅಷ್ಟ. ಅಲ್ಲಿ ಇಳದು ನೋಡಬೇಕು ಅಂತ ಒಬ್ಬರೂ ನಮಗ ಹೇಳಲಿಲ್ಲ, ನಾವೂ ಯಾರಿಗೂ ಹೇಳಲಿಲ್ಲ. ಅಜ್ಜ ಹೇಳಿದ "ಅಡ್ಡ ಹ್ವಾದ್ರು" ಅನ್ನೂದು ಏನಂತ ತಿಳಕೊಳ್ಳಾಕ ನಾನು ಆಮ್ಯಾಲ ಐದಾರು ಸಲ ಹೋಗಿ ಬಂದೆ, ಓದಿದೆ, ತಿಳಿದವರನ್ನ ಕೇಳಿದೆ. ತಿಳದಷ್ಟು ಇಲ್ಲಿ ಬಿಡಿಸಿ ಹೇಳತೇನಿ, ಯಾಕಂದ್ರ ಇದನ್ನ ತಿಳಕೊಂಡ ಮ್ಯಾಲ ವಿಜಾಪುರ ಅನ್ನೋ ಊರಾ ನನಗ ಬ್ಯಾರೆ ಥರಾ ಕಾಣಾಕತ್ತೈತಿ.

ಮೊದಲ ಜಾಗಾ ಗೊತ್ತು ಮಾಡ್ಕೋಳ್ರಿ. ಗೋಲ್ ಗುಮ್ಮಟ ಊರಿನ ಪೂರ್ವಕ್ಕೈತಿ, ಸ್ಟೇಶನ್ ಬಾಜೂಕ. ತೊರವಿ ಅದಕ್ಕ ತದ್ವಿರುದ್ಧ, ಪಶ್ಚಿಮಕ್ಕ, ಕ್ವಾಟಿ ಗ್ವಾಡಿ ದಾಟಿ ಅಥಣಿ ರೋಡ್ ಹಿಡದು ಐದಾರು ಕಿಲೋಮೀಟರ್. ಈಗ ಊರು ಬೆಳದು ಬೆಳದು ಅದರ ಮಗ್ಗಲಕ್ಕ ಬಂದು ನಿಂತೈತಿ, ಎರಡೂ ಕಡಿ ಲೇಔಟ್ ಕಲ್ಲು ನೆಟ್ಟಾರ, ನಡುವ ನಡುವ ಜ್ವಾಳದ ಹೊಲ, ಜಾಲಿ ಕಂಟಿ, ಮಡ್ಡಿ ನೆಲ.

ಈಗ ಮುಖ್ಯ ಪ್ರಶ್ನಿ. ವಿಜಾಪುರ ಒಂದು ಸಾಮ್ರಾಜ್ಯದ ರಾಜಧಾನಿ ಆಗಿತ್ತು, 1490ರ ಸುಮಾರಿನಿಂದ 1686ರಾಗ ಔರಂಗಜೇಬ ಬಂದು ಗೆಲ್ಲೂ ತನಕ ಸುಮಾರು ಇನ್ನೂರು ವರ್ಷ ಆದಿಲ್‌ಶಾಹಿಗಳು ಇಲ್ಲಿಂದಾನ ಆಳಿದ್ರು. ಅಷ್ಟು ದೊಡ್ಡ ಪಟ್ಟಣ, ಸೈನ್ಯಾ, ಕುದರಿ, ಆನಿ, ತ್ವಾಟ, ಕಾರಂಜಿ, ಮಸೀದಿ ಮುಂದ ಕೈಕಾಲು ತೊಳಿಯೋ ಹೊಂಡ. ಇದಕ್ಕೆಲ್ಲಾ ನೀರು ಎಲ್ಲಿಂದ ಬರತಿತ್ತು? ನದಿ ಊರಾಗ ಇಲ್ಲ. ಕೃಷ್ಣಾ ದಕ್ಷಿಣಕ್ಕ ಭಾಳ ದೂರ, ಭೀಮಾ ಉತ್ತರಕ್ಕ ಭಾಳ ದೂರ. ಡೋಣಿ ಐತಿ, "ಡೋಣಿ ಬೆಳದ್ರ ಓಣೆಲ್ಲಾ ಕಾಳು" ಅಂತ ಗಾದಿ ಮಾಡಿ ಹೊಗಳತೇವಿ, ಆದ್ರ ಅದು ಎರಿ ಹೊಲಕ್ಕ ಹೊಗಳೂದು, ನೀರಿಗಲ್ಲ, ಡೋಣಿ ನೀರು ಬಾಯಾಗ ಹಾಕ್ಕೊಂಡ್ರ ಉಪ್ಪುಪ್ಪು. ಮಳಿ ಅಂದ್ರ ವರ್ಷಕ್ಕ ಸರಾಸರಿ 600 ಮಿಲಿಮೀಟರ್ ಆಸುಪಾಸು, ಅದೂ ಹಿಡದು ಬಂದ್ರ ಬಂತು ಇಲ್ಲಂದ್ರ ಇಲ್ಲ. ಇಂಥಾ ನೆಲದಾಗ ಅವರು ರಾಜಧಾನಿ ಕಟ್ಟಿದ್ರು ಅಂದ್ರ ನೀರಿನ ಲೆಕ್ಕಾ ಮೊದಲ ಹಾಕಿದ್ರು ಅಂತಾನ ಅರ್ಥ.

ಆ ಲೆಕ್ಕದ ಮೊದಲ ಹಾಳಿ ತೊರವಿ.

ನಮ್ಮ ನೆಲದ ಹೊಟ್ಟಿಯಾಗ ಏನೈತಿ ಅಂತ ಸ್ವಲ್ಪ ತಿಳಕೊಂಡ್ರ ಉಳಿದಿದ್ದು ತಾನಾ ತಿಳೀತೈತಿ. ಈ ಇಡೀ ಭಾಗ ಹಿಂದ ಕೋಟ್ಯಂತರ ವರ್ಷದ ಹಿಂದ ಜ್ವಾಲಾಮುಖಿ ಲಾವಾ ಹರದು ಹರದು ಒಂದರ ಮ್ಯಾಲೊಂದು ಪದರಾಗಿ ಗಟ್ಟಿ ಆದ ಕರಿಕಲ್ಲು. ಭಕ್ರಿ (ಜ್ವಾಳದ ರೊಟ್ಟಿ) ಒಂದರ ಮ್ಯಾಲೊಂದು ಒಟ್ಟಿದಂಗ ಅನ್ಕೋರಿ. ಒಂದೊಂದು ಭಕ್ರಿ ನಡುವಿನ ಭಾಗ ಗಟ್ಟಿ ಬಂಡಿ, ಅದರಾಗ ನೀರು ನಿಲ್ಲೂದಿಲ್ಲ, ಬಿರುಕು ಇದ್ರಷ್ಟ ಒಂದೀಟು. ಆದ್ರ ಎರಡು ಪದರಿನ ನಡುವಿನ ಸಂದಿ, ಮ್ಯಾಲಿನ ಶಿಥಿಲ ಆದ ಗರಸು, ತೂತು ತೂತು ಇರೋ ಕಲ್ಲು, ಇಲ್ಲೆಲ್ಲಾ ಮಳಿ ನೀರು ಇಳದು ತುಂಬಿಕೊಂಡು ನಿಧಾನ ಇಳುಕಲಿನ ಕಡಿ ಜಿನಗತಾ ಇರತೈತಿ. ಹಳ್ಳದ ದಂಡಿಗೆ ಬ್ಯಾಸಗ್ಯಾಗೂ ಒಂದು ಕಡಿ ಹಸಿರು ಹುಲ್ಲು ಕಾಣತೈತಲ್ಲ, ಒರತಿ ಅಂತೀವಲ್ಲ, ಅದು ಇದಾ ನೀರು. ಅಂದ್ರ ನಮ್ಮ ಕಡಿ ನೀರು ಸಮುದ್ರದಂಗ ಕೆಳಗ ಎಲ್ಲಾ ಕಡಿ ಒಂದ ಸಮ ನಿಂತಿಲ್ಲ, ಸಂದಿ ಸಂದ್ಯಾಗ ಹಾಳಿಯಂಗ ಹರಡಿಕೊಂಡು ಹರೀತೈತಿ. ಬೋರ್ ಅಂದ್ರ ಏನು? ಆರಿಂಚಿನ ಸೂಜಿ. ಸೂಜಿ ನೆಟ್ಟಗ ಚುಚ್ಚಿದ್ರ ಆ ಜಾಗಾದಾಗ ಸಂದಿ ನೀರಿದ್ರ ಸಿಕ್ತು, ಇಲ್ಲಂದ್ರ ನಮ್ಮಣ್ಣನ ಗತಿ.

ಅವರು ಸೂಜಿ ಚುಚ್ಚಲಿಲ್ಲ. ಊರಿನಕಿಂತ ಎತ್ತರದಾಗಿರೋ ತೊರವಿ ಕಡಿ ನೀರಿನ ಸೆಲಿ ಹುಡಕಿದ್ರು, ಅಲ್ಲಿ ಬಾವಿ ತೋಡಿದ್ರು, ಆ ಬಾವಿ ತಳದಿಂದ ಊರಿನ ಕಡಿ ನೆಲದೊಳಗ ಸುರಂಗ ಹೊಡದ್ರು. ಸುರಂಗ ನೀರು ತುಂಬಿದ ಪದರಿನ ಉದ್ದಕ್ಕ ಹೋಗತೈತಿ, ಹಂಗಾಗಿ ಒಂದು ಜಾಗಾದ ನೀರಲ್ಲ, ದಾರಿ ಉದ್ದಕ್ಕೂ ಗ್ವಾಡಿಯಿಂದ ಮ್ಯಾಲಿನಿಂದ ಜಿನಗಿದ ನೀರೆಲ್ಲಾ ಅದರಾಗ ಬಂದು ಸೇರತಾವ. ಹನಿ ಹನಿ ಕೂಡಿ ಹಳ್ಳ. ಇದಕ್ಕ ಪರ್ಷಿಯನ್ನಿನಾಗ ಕರೇಜ್ ಅಂತಾರ, ಅರಬ್ಬಿಯಾಗ ಖನಾತ್, ನಮ್ಮ ಮಂದಿ ಬಾಯಾಗ ಸುರಂಗ ಬಾವಡಿ.

ಇದರ ಜಾಣತನ ಎಲ್ಲಾ ಇಳುಕಲಿನಾಗೈತಿ. ಹೊಲಕ್ಕ ನೀರು ಹಾಯಿಸಿದವರಿಗೆ ಇದು ಒಂದು ಮಾತಿಗೆ ತಿಳೀತೈತಿ. ಸಾಲಿಗೆ ಇಳುಕಲು ಜಾಸ್ತಿ ಆದ್ರ ನೀರು ರಭಸಕ್ಕ ಮಣ್ಣು ಕೊಚ್ಚಿಕೊಂಡು ಹೋಗತಾವ, ಕಮ್ಮಿ ಆದ್ರ ನಿಂತ ಬಿಡತಾವ, ಹೂಳು ಕೂಡತೈತಿ, ಹಿಂದಿನ ಒಡ್ಡು ಒಡೀತೈತಿ. ನಮ್ಮಪ್ಪ ಹೊಲದಾಗ ಗುದ್ದಲಿ ಹಿಡದು ಸಾಲಿನಾಗ ನೀರು ಬಿಟ್ಟು, ಆ ನೀರಿನ ಮ್ಯಾಲ ಒಂದು ಒಣಾ ಜ್ವಾಳದ ಎಲಿ ಒಗದು ಅದು ಎಷ್ಟು ಜೋರ್ ಹೊಂಟೈತಿ ಅಂತ ನೋಡಿ ಮಣ್ಣು ತಗೀಬೇಕೋ ಹಾಕಬೇಕೋ ಅಂತ ಹೇಳತಿದ್ದ. ಅದಾ ಕೆಲಸಾನ ನೆಲದ ಒಳಗ, ಕತ್ತಲ್ಯಾಗ, ಕಲ್ಲು ಒಡಕೊಂತ, ಕಿಲೋಮೀಟರ್ ಲೆಕ್ಕದಾಗ ಮಾಡಬೇಕಂದ್ರ ಹೆಂಗಿರಬೇಕು ವಿಚಾರ ಮಾಡ್ರಿ. ಮ್ಯಾಲ ನೆಲ ಏರಿಳಿತ ಇರತೈತಿ, ಒಳಗಿನ ಸುರಂಗ ಮಾತ್ರ ತನ್ನ ಒಂದಾ ನಮೂನಿ ಸಣ್ಣ ಇಳುಕಲು ಬಿಡಬಾರದು. ಪಂಪ್ ಇಲ್ಲ, ಕರೆಂಟ್ ಇಲ್ಲ, ಎತ್ತಿನ ಮೊಟ್ಟಿ ಇಲ್ಲ. ನೀರು ತಾನಾ ನಡಕೊಂಡು ಊರಿಗೆ ಬರಬೇಕು.

ಹಂಗಂದ್ರ ಒಳಗಿನ ಮಣ್ಣು ಕಲ್ಲು ಹೆಂಗ ಹೊರಗ ತಗದ್ರು? ಅಲ್ಲಿ ಬರತಾವ ಕಿಂಡಿ ಬಾವಿಗಳು. ಸುರಂಗದ ದಾರಿ ಮ್ಯಾಲ ಅಲ್ಲಲ್ಲಿ ನೆಟ್ಟಗ ಬಾವಿ ಇಳಿಸತಾರ, ಒಂದೊಂದು ಬಾವಿ ತಳದಿಂದ ಎರಡೂ ಕಡಿ ಅಗಕೋಂತ ಹೋಗಿ ಮುಂದಿನ ಬಾವಿಯಿಂದ ಬರೋರ ಜೋಡಿ ಕೂಡತಾರ. ಕಿತ್ತ ಕಲ್ಲು ಆ ಬಾವಿಯಿಂದಾನ ಮ್ಯಾಲ. ಕೆಲಸದವರಿಗೆ ಗಾಳಿ ಬೆಳಕು ಅದರಿಂದಾನ. ಮುಂದ ಹೂಳು ತುಂಬಿದ್ರ ಇಳದು ತಗಿಯಾಕ ದಾರಿನೂ ಅದಾ, ದಾರ್ಯಾಗಿನ ಮಂದಿ ಹಗ್ಗಾ ಬಿಟ್ಟು ಕೊಡಾ ತುಂಬಿಕೊಳ್ಳಾಕೂ ಅದಾ. ಹೊಲದ ನಡುವ ಒಂದರ ಹಿಂದ ಒಂದು ಗೆರಿ ಹೊಡದಂಗ ಬಾವಿ ಕಂಡ್ರ, ಎಲ್ಲಾ ಒಂದಾ ದಿಕ್ಕಿನಾಗ ಹೊಂಟಿದ್ರ, ಕೆಳಗ ಸುರಂಗ ಐತಿ ಅಂತ ತಿಳೀರಿ. ಬ್ಯಾರೆ ಬ್ಯಾರೆ ರೈತರು ತಮ್ಮ ತಮ್ಮ ಹೊಲದಾಗ ತೋಡಿದ ಬಾವಿ ಹಂಗ ಸಾಲಾಗಿ ನಿಂದ್ರೂದಿಲ್ಲ.

ಅಜ್ಜ ನನ್ನನ್ನ ಒಂದಿನ ಅಂಥಾ ಒಂದು ಬಾವಿ ಹಂತೇಕ ಕರಕೊಂಡು ಹ್ವಾದ. ಸುತ್ತ ಜಾಲಿ ಕಂಟಿ ಬೆಳದು ಬಾಯಿ ಮುಚ್ಚಿತ್ತು, ಬಡಿಗಿಯಿಂದ ಸರಿಸಿ "ಕೈ ಚಾಚು" ಅಂದ. ಮೇ ತಿಂಗಳ ಮಧ್ಯಾಹ್ನ, ಚಪ್ಪಲಿ ಒಳಗ ಅಂಗಾಲು ಸುಡತಿತ್ತು. ಬಾಯಿ ಮ್ಯಾಲ ಕೈ ಹಿಡದ್ರ ಕೆಳಗಿಂದ ತಣ್ಣನ ಗಾಳಿ ಬರಾಕತ್ತಿತ್ತು, ಹಸಿ ಮಣ್ಣಿನ ವಾಸನಿ, ಅದರ ಜೋಡಿ ಬಾವಲಿ ವಾಸನಿ. ಕಣ್ಣು ಹೊಂದಿಕೊಂಡ ಮ್ಯಾಲ ಒಳಗಿನ ಕಲ್ಲಿನ ಮ್ಯಾಲ ಉಳಿ ಹೊಡದ ಗೆರಿ ಕಂಡ್ವು, ಎಲ್ಲಾ ಗೆರಿ ಓರಿ, ಒಂದಾ ಕೈಯ ಹೊಡತ. ಬಲಗೈಯವ ಮ್ಯಾಲಿಂದ ಕೆಳಗ ಹೊಡಕೊಂಡು ಇಳದಾನ. ತಳದಾಗ ನೀರಿನ ಬದಲಿ ಒಂದು ರಾಶಿ ಕುರಕುರಿ ಚೀಟು, ಒಂದು ಹರದ ಗೊಬ್ಬರ ಚೀಲ. ಅಜ್ಜ ಏನೂ ಅನ್ನಲಿಲ್ಲ, ಕಂಟಿ ಮತ್ತ ಮೊದಲಿನಂಗ ಮುಚ್ಚಿದ. "ಸಣ್ಣ ಹುಡುಗ್ರು ಬೀಳಬಾರದು" ಅಂತಷ್ಟ ಅಂದ.

ಈ ವಿದ್ಯೆ ಇರಾನ್ ಕಡಿಯಿಂದ ಬಂದಿದ್ದು, ದಖ್ಖನಿನ ಸುಲ್ತಾನರು ಅಲ್ಲಿಂದ ಬಂದ ಬಲ್ಲವರನ್ನ ಇಟ್ಟಗೊಂಡಿದ್ರು. ನಮ್ಮಕಿಂತ ಮೊದಲ ಬೀದರಿನಾಗ ಬಹಮನಿಗಳು ಮಾಡಿದ್ರು, ನೌಬಾದಿನ ಕರೇಜ್ 15ನೇ ಶತಮಾನದ್ದು, ಅದಕ್ಕ 21 ಕಿಂಡಿ ಬಾವಿ ಅದಾವ, ಹೂಳು ತಗದು ಅದನ್ನ ಈಗ ಮಂದಿ ನೋಡೂ ಹಂಗ ಮಾಡ್ಯಾರ. ದಕ್ಷಿಣ ಕನ್ನಡ ಕಾಸರಗೋಡು ಕಡಿ ಗುಡ್ಡದಾಗ ಅಡ್ಡ ತೋಡೋ ಸುರಂಗಾನೂ ಇದರ ಬಳಗಾನ, ಅಲ್ಲಿ ಮಣ್ಣು ಜಂಬಿಟ್ಟಿಗಿ, ಇಲ್ಲಿ ಕರಿಕಲ್ಲು, ಹಂಗಾಗಿ ಇಲ್ಲಿನ ಬೆವರು ಜಾಸ್ತಿ ಅನ್ನೂದು ನನ್ನ ಅಂದಾಜು.

ವಿಜಾಪುರಕ್ಕ ತೊರವಿ ನೀರಿನ ಕೆಲಸ ಮಾಡಿಸಿದ ಹೆಸರು ಒಂದನೇ ಅಲಿ ಆದಿಲ್ ಶಾಹಂದು, 1558ರಿಂದ 1580ರ ತನಕ ಆಳಿದವ. ಅವನ ಕಾಲದಾಗಾನ ಊರ ಸುತ್ತಲಿನ ಕ್ವಾಟಿ ಗ್ವಾಡಿ ಮುಗೀತು, 1565ರಾಗ, ಅದಾ ವರ್ಷ ತಾಳಿಕೋಟಿ ಯುದ್ಧ. ವಿಜಯನಗರ ಬಿದ್ದ ಮ್ಯಾಲ ರೊಕ್ಕ, ಮಂದಿ, ಕುಶಲಕರ್ಮಿಗಳು ಎಲ್ಲಾ ಈ ಕಡಿ ಹರದು ಬಂದ್ರು, ಊರು ಉಬ್ಬಿತು, ನೀರಿನ ಗರಜು ಉಬ್ಬಿತು. ನೆಲದೊಳಗಿನ ಕಾಲುವಿಗೆ ಇನ್ನೊಂದು ಗುಣಾ ಐತಿ ನೋಡ್ರಿ, ಯುದ್ಧದ ಕಾಲಕ್ಕ ವೈರಿಗೆ ಅದು ಕಣ್ಣಿಗೆ ಬೀಳೂದು ಕಷ್ಟ, ಇಷಾ ಹಾಕೂದು ಕಷ್ಟ, ಬಿಸಲಿಗೆ ಆವಿ ಆಗೂದಿಲ್ಲ. ವಿಜಾಪುರದ ಏಪ್ರಿಲ್ ಬಿಸಲಿನಾಗ ತೆರದ ಕಾಲುವ್ಯಾಗ ನೀರು ಬಿಟ್ರ ಅರ್ಧಾ ಸೂರ್ಯಾನ ಕುಡೀತಾನ.

ಊರೊಳಗ ಬಂದ ನೀರು ಏನಾಗತಿತ್ತು ಅನ್ನೂದನ್ನ ನೀವು ಈಗೂ ಕಣ್ಣಿಲೆ ನೋಡಬಹುದು. ವಿಜಾಪುರದಾಗ ಅಲ್ಲಲ್ಲಿ ಚೌಕ ಕಲ್ಲಿನ ಗೋಪುರ ನಿಂತಿರತಾವ, ಎರಡು ಮೂರು ಅಂತಸ್ತು ಎತ್ತರ, ಬಾಗಲ ಇಲ್ಲ, ಮೂರ್ತಿ ಇಲ್ಲ, ಮಿನಾರನೂ ಅಲ್ಲ. ಸಣ್ಣವನಿದ್ದಾಗ ನಾನು ಯಾವುದೋ ಕಾವಲು ಗೋಪುರ ಅಂತ ತಿಳಕೊಂಡಿದ್ದೆ. ಅವಕ್ಕ ಗಂಜ್ ಅಂತಾರ, ಅವು ನೀರಿನ ಗೋಪುರ. ಮಣ್ಣಿನ ಕೊಳವಿ ಒಂದರೊಳಗ ಒಂದು ಸೇರಿಸಿ, ಸುತ್ತ ಗಚ್ಚು ಹಾಕಿ ನೆಲದೊಳಗ ಹೂತಿದ್ರು. ಎತ್ತರದಿಂದ ನೀರು ಮುಚ್ಚಿದ ಕೊಳವ್ಯಾಗ ಬಂದ್ರ ಒತ್ತಡ ಏರತೈತಿ, ಮಣ್ಣಿನ ಕೊಳವಿ ಅದನ್ನ ತಡಿಯೂದಿಲ್ಲ, ಒಡದು ಹೋಗತೈತಿ. ಅದಕ್ಕ ನಡುವ ನಡುವ ಗೋಪುರ ಕಟ್ಟಿ ನೀರನ್ನ ಮ್ಯಾಲ ಏರಿಸಿ ಅಲ್ಲಿನ ತೊಟ್ಟಿಗೆ ಬಿಟ್ಟು, ಒತ್ತಡ ಮುರದು, ಮತ್ತ ಕೆಳಗ ಇಳಿಸಿ ಮುಂದಕ್ಕ ಕಳಸತಿದ್ರು. ಕೊಳವಿಯೊಳಗ ಸಿಕ್ಕೊಂಡ ಗಾಳಿ ಅಲ್ಲಿ ಬಿಡತಿತ್ತು, ಹೂಳು ಅಲ್ಲಿ ಕೂಡತಿತ್ತು, ಓಣಿಗಳಿಗೆ ಹಂಚಿಕಿನೂ ಅಲ್ಲಿಂದಾನ. ಈಗ ನಮ್ಮ ಮನಿ ಮ್ಯಾಲ ಸಿಂಟೆಕ್ಸ್ ಟ್ಯಾಂಕ್ ಇಟ್ಟಂಗ ಅನ್ನಸ್ತೈತಿ, ಆದ್ರ ಅದು ನೀರು ಕೂಡಿಡಾಕ, ಗಂಜಿನ ಮುಖ್ಯ ಕೆಲಸ ಒತ್ತಡ ಸಂಭಾಳಿಸೂದು. ಈ ವ್ಯತ್ಯಾಸ ತಿಳಿದ ದಿನಾ ನಾನು ಬೈಕ್ ನಿಲ್ಲಿಸಿ ಒಂದು ಗಂಜಿನ ಮುಂದ ಹತ್ತು ನಿಮಿಷ ನಿಂತಿದ್ದೆ.

ತೊರವಿ ಒಂದ ಸಾಕಾಗಲಿಲ್ಲ. ಮುಂದ ಮೊಹಮ್ಮದ್ ಆದಿಲ್ ಶಾಹ (ಗೋಲ್ ಗುಮ್ಮಟದಾಗ ಮಲಗಿದವ) 1651ರಾಗ ಊರಿನ ದಕ್ಷಿಣಕ್ಕ ಬೇಗಂ ತಲಾಬ್ ಕಟ್ಟಿಸಿದ, ಅಲ್ಲಿಂದ ಇನ್ನೊಂದು ಕೊಳವಿ ಸಾಲು. ಇವೆರಡರ ವ್ಯತ್ಯಾಸ ಮರೀಬ್ಯಾಡ್ರಿ: ಬೇಗಂ ತಲಾಬ್ ಮ್ಯಾಲ ಬಿದ್ದ ಮಳಿ ನೀರು ಹಿಡಿಯೂದು, ತೊರವಿ ಸುರಂಗ ನೆಲದೊಳಗ ಇಳದ ನೀರು ಹಿಡಿಯೂದು. ಒಂದು ವರ್ಷ ಮಳಿ ಕೈ ಕೊಟ್ರ ಕೆರಿ ಬತ್ತತೈತಿ, ಸುರಂಗ ಹಿಂದಿನ ವರ್ಷದ ಮಳಿ ನೆನಪಿಟ್ಟಗೊಂಡು ಇನ್ನೊಂದೀಟು ದಿನ ಹರೀತೈತಿ. ಇದರ ಮ್ಯಾಲ ಊರೊಳಗಿನ ಬಾವಡಿಗಳು, 1579ರ ಚಾಂದ್ ಬಾವಡಿ, 1620ರ ತಾಜ್ ಬಾವಡಿ. ಕ್ವಾಟಿಗೆ ಮುತ್ತಿಗಿ ಬಿದ್ದು ಹೊರಗಿನ ನೀರು ಕಡದ್ರೂ ಒಳಗ ದಿನಾ ಕಳಿಯಾಕ ಇವು. ಮೂರು ನಮೂನಿ ನೀರು, ಒಂದು ಕೈ ಬಿಟ್ರ ಇನ್ನೊಂದು ಹಿಡೀತೈತಿ.

ಈಗ ತೊರವಿಯ ಇನ್ನೊಂದು ಕಥಿಗೆ ಬರೂಣು. ನೀರಿರೋ ಕಡಿ ಮಂದಿ ಹೋಗತಾರ, ರಾಜನೂ ಅಷ್ಟ. ಎರಡನೇ ಇಬ್ರಾಹಿಂ ಆದಿಲ್ ಶಾಹ, 1580ರಿಂದ 1627ರ ತನಕ ಆಳಿದವ, ನಮ್ಮ ಮಂದಿ ಜಗದ್ಗುರು ಬಾದಶಾಹ ಅಂತ ಕರದವ, ಸಂಗೀತದ ಹುಚ್ಚು ಹಿಡಿದ ಮನಷ್ಯಾ. ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ದಖ್ಖನಿ ಭಾಷಾದಾಗ ಹಾಡು ಬರದು ಕಿತಾಬ್-ಎ-ನವರಸ ಅಂತ ಮಾಡಿದ, ಅದರಾಗ ಸರಸ್ವತಿನ್ನೂ ನೆನಸ್ಯಾನ, ಗಣಪತಿನ್ನೂ ನೆನಸ್ಯಾನ, ಕಲಬುರಗಿ ಸೂಫಿ ಸಂತ ಗೇಸುದರಾಜರನ್ನೂ ನೆನಸ್ಯಾನ. ಒಂಬತ್ತು ರಸ ಅನ್ನೋ ಮಾತು ಅವಂಗೆ ಎಷ್ಟು ಹಿಡಿಸಿತ್ತು ಅಂದ್ರ, 1599ರಾಗ ತೊರವಿ ಹಂತೇಕ ಹೊಸಾ ಊರು ಕಟ್ಟಾಕ ಶುರು ಮಾಡಿ ಅದಕ್ಕೂ ನವರಸಪುರ ಅಂತಾನ ಇಟ್ಟ. ರಾಜಧಾನೀನ ಅಲ್ಲಿಗೆ ಒಯ್ಯೋ ವಿಚಾರ. ಸರದಾರರು ಮನಿ ಕಟ್ಟಾಕತ್ತಿದ್ರು, ಅಂಗಡಿ, ಅರಮನಿ, ಕ್ವಾಟಿ ಗ್ವಾಡಿ ಎಲ್ಲಾ ನಡದಿತ್ತು. ಗ್ವಾಡಿ ಪೂರ್ತಿ ಮುಗೀಲಿಲ್ಲ. ಜ್ಯೋತಿಷಿಗಳು ಬ್ಯಾಡ ಅಂದ್ರು ಅದಕ್ಕ ನಿಂತಿತು ಅಂತ ಮಂದಿ ಕಥಿ ಹೇಳತಾರ. ಖರೇ ಪೆಟ್ಟು ಬಿದ್ದಿದ್ದು 1624ರಾಗ, ಅಹಮದನಗರದ ಮಲಿಕ್ ಅಂಬರ್ ದಂಡು ತಗೊಂಡು ಬಂದಾಗ. ವಿಜಾಪುರದ ಗ್ವಾಡಿ ಗಟ್ಟಿ, ಅದರೊಳಗ ಮಂದಿ ಉಳಕೊಂಡ್ರು, ಬಯಲಿನಾಗಿದ್ದ ನವರಸಪುರ ಲೂಟಿ ಆತು. ಆಮ್ಯಾಲ ಅದು ಮೊದಲಿನಂಗ ಆಗಲೇ ಇಲ್ಲ. ಇಪ್ಪತ್ತೈದು ವರ್ಷಕ್ಕ ಒಂದು ಊರು ಹುಟ್ಟಿ ಮುಗದು ಹೋತು.

ಇದರಾಗ ನನ್ನನ್ನ ಭಾಳ ಕಾಡಿದ ಸಂಗತಿ ಒಂದು. ಆ ಮಲಿಕ್ ಅಂಬರ್, ಇಥಿಯೋಪಿಯಾದಿಂದ ಗುಲಾಮ ಆಗಿ ಬಂದು ವಜೀರ್ ಆದವ, ಅವನಾ ಖಡಕಿ ಊರಿಗೆ (ಮುಂದ ಅದಾ ಔರಂಗಾಬಾದ್ ಆತು) ನೆಲದೊಳಗಿಂದ ನೀರು ತಂದವ, ನಹರ್-ಎ-ಅಂಬರಿ ಅಂತ ಇಂದಿಗೂ ಹೆಸರೈತಿ. ಅಂದ್ರ ತೊರವಿ ನೆಲದ ಮ್ಯಾಲ ಕುದರಿ ಓಡಿಸಿಕೊಂಡು ಬಂದವಗ ಆ ಸಾಲು ಬಾವಿ ಕಂಡಾಗ ಕೆಳಗ ಏನೈತಿ ಅಂತ ಯಾರೂ ಹೇಳಬೇಕಾಗಿರಲಿಲ್ಲ.

ನವರಸಪುರದಾಗ ಈಗ ಉಳಿದಿದ್ದರಾಗ ನೋಡಲೇಬೇಕಾಗಿದ್ದು ಸಂಗೀತ ಮಹಲ್. ಊರೊಳಗಿನ ಗಗನ ಮಹಲ್ ನೋಡಿದ್ರ (1561ರದ್ದು, ಅಲಿ ಕಟ್ಟಿಸಿದ್ದು) ಇದು ಅದರ ತಮ್ಮ ಅನ್ನಸ್ತೈತಿ, ನಡುವ ದೊಡ್ಡ ಕಮಾನು, ಎರಡೂ ಕಡಿ ಸಣ್ಣ ಕಮಾನು, ಮ್ಯಾಲಿನ ಮಾಳಿಗಿ ಬಿದ್ದು ಹೋಗೈತಿ. ಸಂಜಿ ಐದರ ಮ್ಯಾಲ ಹೋಗ್ರಿ. ಮಂದಿ ಇರೂದಿಲ್ಲ, ಗಿಳಿ ಹಿಂಡು ಇರತಾವ, ಬಿಸಲು ಅಡ್ಡಾಗಿ ಕಮಾನಿನೊಳಗಿಂದ ಬಂದು ನೆಲದ ಮ್ಯಾಲ ಕಮಾನಿನ ನೆರಳು ಉದ್ದಕ್ಕ ಚಾಚತೈತಿ. ನನ್ನ ಜೋಡಿ ನಮ್ಮ ಅಕ್ಕನ ಮಗಳು ಬಂದಿದ್ಲು, ಸಂಗೀತ ಕಲಿಯೋ ಹುಡುಗಿ, ಆಕಿಗೆ ನಾನು ಏನೂ ಹೇಳಿರಲಿಲ್ಲ, ಆಕಿನಾ ಹೋಗಿ ನಡುವಿನ ಕಮಾನಿನ ಕೆಳಗ ನಿಂತು ಸಣ್ಣ ದನಿಯಾಗ ಸಾ ಹಿಡದಳು. "ಮಾಮಾ, ಇಲ್ಲಿ ಬರ್ರಿ, ಇಲ್ಲಿ ನಿಂತು ಕೇಳ್ರಿ" ಅಂದ್ಲು. ಗೋಲ್ ಗುಮ್ಮಟದಾಗ ನಾವು ಕೂಗತೇವಿ, ಚಪ್ಪಾಳಿ ಹೊಡೀತೇವಿ, ಒಬ್ಬರ ದನಿ ಒಬ್ಬರಿಗೆ ತಿಳಿಯೂದಿಲ್ಲ. ಇಲ್ಲಿ ಒಂದ ಸ್ವರ ಸಾಕಾತು.

ಇಷ್ಟೆಲ್ಲಾ ಸುಲ್ತಾನರ ಕಥಿ ಆತು, ತೊರವಿ ಅದಕ್ಕಿಂತ ಹಳೇ ಊರು ಅನ್ನೂದು ಮರೀಬಾರದು. ಕನ್ನಡ ಓದಿದವರಿಗೆ ತೊರವೆ ರಾಮಾಯಣ ಗೊತ್ತಿರತೈತಿ, ಸಾಲ್ಯಾಗ ಕುಮಾರ ವಾಲ್ಮೀಕಿ ಅಂತ ಕವಿ ಹೆಸರು ಬಾಯಿಪಾಠ ಮಾಡಿರತೇವಿ, ನರಹರಿ ಅಂತನೂ ಕರೀತಾರ, ಸುಮಾರು 1500ರ ಆಸುಪಾಸಿನವ, ಭಾಮಿನಿ ಷಟ್ಪದಿಯಾಗ ಇಡೀ ರಾಮಾಯಣ ಹೇಳ್ಯಾನ. ಆ ತೊರವೆ ಅಂದ್ರ ಈ ತೊರವಿನಾ! ಇಲ್ಲಿನ ನರಸಿಂಹ ದೇವರು ಆ ಕವಿಯ ಅಂಕಿತ. ಪರೀಕ್ಷಾದಾಗ ಉತ್ತರಾ ಬರದು ಮಾರ್ಕ್ಸ್ ತಗೊಂಡ ನನಗ ಅದು ನಮ್ಮ ಮನಿಯಿಂದ ಬೈಕಿನ್ಯಾಗ ಇಪ್ಪತ್ತು ನಿಮಿಷದ ಊರು ಅಂತ ಯಾರೂ ಹೇಳಲಿಲ್ಲ, ಇದು ಖರೇನ ಬ್ಯಾಸರದ ಮಾತು. ನರಸಿಂಹನ ಗುಡಿ ಈಗೂ ನಡೀತೈತಿ, ದೂರದೂರಿನಿಂದ ಮನಿದೇವರು ಅಂತ ಬರೋ ಮಂದಿ ಅದಾರ. ಗುಡಿಗೆ ಹೋದವರು ಕೈ ಮುಗದು ತಿರಗಿ ಬಿಡತಾರ, ಸುರಂಗಕ್ಕ ಹೋಗೂದಿಲ್ಲ, ಸುರಂಗ ನೋಡಾಕ ಬರೋ ಒಬ್ಬಿಬ್ಬರು ಓದಿದವರು ಗುಡಿಗೆ ಹೋಗೂದಿಲ್ಲ. ಎರಡೂ ಒಂದಾ ಊರಿನವು, ಎರಡನ್ನೂ ಒಂದಾ ಸಂಜಿ ನೋಡ್ರಿ ಅಂತ ನಾನು ಕೇಳಿಕೊಳ್ಳತೇನಿ.

ಅದಾ ತೊರವ್ಯಾಗ ಇವತ್ತು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಐತಿ, 2003ರಾಗ ಶುರು ಆಗಿದ್ದು, ಜ್ಞಾನಶಕ್ತಿ ಆವರಣ ಅಂತ ಅದರ ಹೆಸರು. ಮುಂಜಾನೆ ಬಸ್ಸಿನ ತುಂಬ ಹಳ್ಳಿ ಹುಡುಗ್ಯಾರು ಇಲ್ಲಿಗೆ ಬರತಾರ. ರಾಜಾ ಬಿಟ್ಟು ಹ್ವಾದ ಊರಿಗೆ ಸುಮಾರು ನಾಕನೂರು ವರ್ಷದ ಮ್ಯಾಲ ಬ್ಯಾಗ್ ಹಾಕ್ಕೊಂಡ ಹುಡುಗ್ಯಾರು ಬಂದಾರ, ಇದನ್ನ ನೋಡಿದಾಗೆಲ್ಲಾ ನನಗ ಖುಷಿ ಆಕ್ಕೈತಿ. ಅವರಿಗೆ ಸಂಗೀತ ಮಹಲ್ ದಾರಿ ಕೇಳ್ರಿ, ಚೊಲೊ ಹೇಳತಾರ.

ಹೋಗೋರಿಗೆ ನಾಕು ಮಾತು. ಅಥಣಿ ಕಡಿ ಹೋಗೋ ಬಸ್ ಹತ್ತಿದ್ರ ತೊರವ್ಯಾಗ ಇಳೀಬಹುದು, ಒಳಗ ಒಂದರಿಂದ ಒಂದಕ್ಕ ನಡೀಬೇಕಾಕ್ಕೈತಿ, ಹಂಗಾಗಿ ಬೈಕ್ ಇದ್ರ ಬೇಸಿ, ಆಟೋ ಆದ್ರ ಹೋಗಿ ಬರೂದಕ್ಕ ಮೊದಲ ಮಾತಾಡಿಕೋರಿ. ನವೆಂಬರಿನಿಂದ ಫೆಬ್ರವರಿ ಹಿತ. ನೀರು, ಒಂದೆರಡು ಭಕ್ರಿ, ಶೇಂಗಾ ಚಟ್ನಿ ಕಟಗೊಂಡು ಹೋಗ್ರಿ, ಮಹಲಿನ ಹತ್ರ ಏನೂ ಸಿಗೂದಿಲ್ಲ. ಸುರಂಗದೊಳಗ ಮಾತ್ರ ಇಳೀಬ್ಯಾಡ್ರಿ, ಉಸುರಾಡಾಕ ಗಾಳಿ ಇರತೈತಿ ಅನ್ನೂ ಭರೋಸಾ ಇಲ್ಲ, ಹಾವು ಇರತಾವ, ಮೇಲಿನ ಕಲ್ಲು ಸಡಲಾಗಿರತಾವ. ಬಾಯಿ ಹಂತೇಕ ನಿಂತು ನೋಡಿದ್ರ ಸಾಕು. ಕಿಂಡಿ ಬಾವಿ ಮಂದಿ ಹೊಲದಾಗ ಅದಾವ, ಬೆಳಿ ತುಳೀಬ್ಯಾಡ್ರಿ, ಕೇಳಿ ಹೋಗ್ರಿ, ಕೇಳಿದ್ರ ತಾವಾ ಬಂದು ತೋರಸತಾರ. ಅದಾ ಪಶ್ಚಿಮ ದಿಕ್ಕಿನಾಗ ಸಾಠ್ ಕಬರ್ ಅನ್ನೋ ಗೋರಿ ಸಾಲೂ ಐತಿ, ಅಫ್ಜಲ್ ಖಾನನ ಹೆಂಡಂದಿರದು ಅಂತ ಕಥಿ, ಅದು ಇನ್ನೊಂದು ದಿವಸದ ಮಾತು, ಒಂದಾ ಸಂಜಿಗೆ ತುರುಕಬ್ಯಾಡ್ರಿ.

ಇಂಥಾ ಹಳೇ ನೀರಿನ ಕೆಲಸಾನ ಹೊರಗಿನವರು ಗುರುತಿಸ್ಯಾರ. ಜಗತ್ತಿನ ಹಳೇ ಸ್ಮಾರಕ ಉಳಿಸೋ ಕೆಲಸ ಮಾಡೋ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನೋ ಸಂಸ್ಥಾ, ಕಾಳಜಿ ಬೇಕಾದ ಜಾಗಾಗಳ ತನ್ನ 2020ರ ಪಟ್ಟಿಯಾಗ ದಖ್ಖನ್ ಪ್ರಸ್ಥಭೂಮಿಯ ಹಳೇ ನೀರಿನ ವ್ಯವಸ್ಥಾ ಸೇರಿಸಿತ್ತು. ಆದ್ರ ಇಲ್ಲಿ ಒಂದು ತೊಡಕು ಐತಿ, ಅದನ್ನ ನೆಟ್ಟಗ ಹೇಳಬೇಕು. ಗುಮ್ಮಟ ಉಳಿಸಬೇಕಂದ್ರ ಸುತ್ತ ತಂತಿ ಬೇಲಿ ಹಾಕಿ, ಗಿಡಾ ಹಚ್ಚಿ, ಟಿಕೇಟ್ ಇಟ್ರ ಆತು. ಸುರಂಗ ಹಂಗಲ್ಲ, ಅದರ ಮ್ಯಾಲಿನ ಇಡೀ ನೆಲಾನ ಅದರ ಭಾಗ. ಹೂಳು ತಗದು ಸ್ವಚ್ಛ ಮಾಡಿದ್ರೂ ನೀರು ಬರಬೇಕಂದ್ರ ಮ್ಯಾಲಿನ ಮಡ್ಡ್ಯಾಗ ಮಳಿ ಇಳೀಬೇಕು. ಅಲ್ಲಿ ಲೇಔಟ್ ಆಗಿ, ಸಿಮೆಂಟ್ ರಸ್ತಾ ಆಗಿ, ಹಳ್ಳ ಮುಚ್ಚಿದ್ರ ನೀರು ಇಳಿಯೂದು ಬಿಟ್ಟು ಮ್ಯಾಲಾ ಓಡಿ ಹೋಗತಾವ. ಅದರ ಜೋಡಿ ನಾವೆಲ್ಲಾ ಸೂಜಿ ಚುಚ್ಚಿ ಚುಚ್ಚಿ ನೀರಿನ ಮಟ್ಟಾ ಸುರಂಗದ ತಳದಕಿಂತ ಕೆಳಗ ಇಳಿಸಿದ್ರ, ಸುರಂಗ ಎಷ್ಟ ಚಂದ ಇದ್ರೂ ಒಣಾ ಗುಹೆ ಆಗಿ ನಿಲ್ಲತೈತಿ. ಇವತ್ತು ನಮ್ಮ ಊರು ಭೂತನಾಳ ಕೆರಿ ನೀರು, ಕೊಲ್ಹಾರದಿಂದ ಕೃಷ್ಣಾ ನೀರು ಕುಡೀತೈತಿ, ಅಷ್ಟು ದೂರದಿಂದ ಪಂಪ್ ಹಚ್ಚಿ ಎತ್ತತಾರ, ಅದು ಬೇಕಾ ಬೇಕು. ತೊರವಿ ಸುರಂಗ ಇವತ್ತಿನ ವಿಜಾಪುರಕ್ಕ ಸಾಕಾಗೂದಿಲ್ಲ, ನಾನು ಹಂಗ ಹೇಳಾಕತ್ತಿಲ್ಲ. ಆದ್ರ ಅದರ ಬಾಯಾಗ ಕುರಕುರಿ ಚೀಟು ತುಂಬೋ ಅಷ್ಟು ಅದು ಬ್ಯಾಡಾಗಿಲ್ಲ.

ಅಣ್ಣನ ಬೋರಿನ ಮಾತು ಅರ್ಧಕ್ಕ ಬಿಟ್ಟೆ. ಐದನೂರು ಫೂಟಿಗೆ ಗಾಡಿ ನಿಲ್ಲಿಸಿ ಕಳಸಿದ್ವಿ. ಕೇಸಿಂಗ್ ಪೈಪಿನ ಬಾಯಿಗೆ ಗೋಣಿ ಚೀಲ ಕಟ್ಟಿ ಅಣ್ಣ ಎರಡು ತಿಂಗಳ ಆ ಕಡಿ ಹೋಗಲೇ ಇಲ್ಲ. ಮನಿ ಕೆಲಸಕ್ಕ ಪಾಯಾ ಹಾಕೂ ಮುಂದ ಅಜ್ಜ ಬಂದು, ಒಣಾ ಬೋರ್ ಮುಚ್ಚಬ್ಯಾಡ್ರಿ, ಅದಕ್ಕ ಮಳಿ ನೀರು ಬಿಡ್ರಿ ಅಂದ. ಅದನ್ನ ತಿಳಿದ ಒಬ್ಬ ಇಂಜಿನಿಯರ್ ಗೆಳೆಯಗ ಕೇಳಿ, ಬೋರಿನ ಸುತ್ತ ಗುಂಡಿ ತಗದು, ಕೇಸಿಂಗಿಗೆ ತೂತು ಹೊಡದು ಜಾಳಿಗಿ ಸುತ್ತಿ, ದಪ್ಪ ಕಲ್ಲು, ಆಮ್ಯಾಲ ಕಡಿ, ಆಮ್ಯಾಲ ಉಸುಕು ತುಂಬಿ, ಪ್ಲಾಟಿನ ಇಳುಕಲಿನ ನೀರೆಲ್ಲಾ ಅಲ್ಲಿಗೆ ತಿರಗಿಸಿದ್ವಿ. ಮೃಗಶಿರಾ ಮಳಿ ಬಂದ ರಾತ್ರಿ ಅಣ್ಣ ಫೋನ್ ಮಾಡಿ "ಬಾ" ಅಂದ. ಛತ್ರಿ ಹಿಡಕೊಂಡು ಹ್ವಾದೆ. ಮೂರೂ ಮಂದಿ ಗುಂಡಿ ದಂಡಿಗೆ ಕುಕ್ಕರಗಾಲಿಲೆ ಕೂತ್ವಿ, ಅಜ್ಜ ಗೋಣಿ ಕೊಪ್ಪಿ ಹಾಕ್ಕೊಂಡಿದ್ದ. ಕೆಸರು ನೀರು ಗುಳು ಗುಳು ಅಂತ ಉಸುಕಿನಾಗ ಇಳಿಯಾಕತ್ತಿತ್ತು, ಎಷ್ಟು ಬಂದ್ರೂ ನಿಲ್ಲವಲ್ದು, ಇಳದಾ ಇಳೀತು. ಅಜ್ಜ ಟಾರ್ಚ್ ಬಂದ್ ಮಾಡು ಅಂದ, ಕತ್ತಲ್ಯಾಗ ಭಾಳ ಹೊತ್ತು ಆ ಸಪ್ಪಳ ಕೇಳಕೊಂತ ಕೂತ್ವಿ.